ಕೊಂಕಣ ರೈಲ್ವೆಯ ಯೋಜನೆ ಮತ್ತು ಹಣಕಾಸು

ಕೊಂಕಣ ರೈಲ್ವೆಯು ಮಹಾರಾಷ್ಟ್ರದ ರೋಹಾ ನಿಲ್ದಾಣದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಪಶ್ಚಿಮ ಕರಾವಳಿಯಲ್ಲಿ ಸಾಗುವ, ಸುಮಾರು 740 ಕಿ.ಮೀ. ಉದ್ದದ ಬ್ರಾಡ್‌ಗೇಜ್ ರೈಲು ಮಾರ್ಗ. ಮಹಾರಾಷ್ಟ್ರ, ಗೋವಾ ಮತ್ತು ಕರ್ನಾಟಕ ರಾಜ್ಯಗಳ ಮೂಲಕ ಹಾದುಹೋಗುವ ಈ ಮಾರ್ಗವನ್ನು 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮವು ನಿರ್ಮಿಸಿತು. ರೈಲ್ವೆ ಬಜೆಟ್ಟಿನ ವಾರ್ಷಿಕ ಅನುದಾನವನ್ನೇ ಅವಲಂಬಿಸದೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಷೇರು ಬಂಡವಾಳದ ಜೊತೆಗೆ ಮಾರುಕಟ್ಟೆಯಲ್ಲಿ ಸಾಲವೆತ್ತಿ ಕಟ್ಟಿದ ಮಾರ್ಗ ಇದು. ಈ ಕಾರಣದಿಂದ ಭಾರತದ ಮೂಲಸೌಕರ್ಯ ಯೋಜನೆಗಳ ಇತಿಹಾಸದಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಈ ಲೇಖನವು ಯೋಜನೆಯು ರೂಪುಗೊಂಡ ಬಗೆ, ಅದಕ್ಕೆ ಹಣ ಒದಗಿದ ವಿಧಾನ ಮತ್ತು ಅದರ ಪರಿಣಾಮಗಳನ್ನು ಕುರಿತದ್ದು.

== ಹಿನ್ನೆಲೆ ==

ಬ್ರಿಟಿಷರ ಕಾಲದಲ್ಲಿಯೇ ಮುಂಬಯಿಯಿಂದ ದೇಶದ ಒಳನಾಡಿಗೆ ರೈಲು ಮಾರ್ಗಗಳು ಹರಡಿದವು. ಮಂಗಳೂರಿಗೆ 1907ರಲ್ಲಿ ಕೇರಳದ ಕಡೆಯಿಂದ ರೈಲು ಬಂದಿತು. ಆದರೆ ಮುಂಬಯಿ ಮತ್ತು ಮಂಗಳೂರುಗಳ ನಡುವಿನ ಕರಾವಳಿಯು ರೈಲಿಲ್ಲದೆಯೇ ಉಳಿಯಿತು. ಸಹ್ಯಾದ್ರಿಯ ಕವಲುಗಳು, ಆಳವಾದ ಕಣಿವೆಗಳು, ಪಶ್ಚಿಮಕ್ಕೆ ಹರಿಯುವ ಅಸಂಖ್ಯ ನದಿಗಳು ಮತ್ತು ಅಬ್ಬರದ ಮುಂಗಾರು ಮಳೆ ಇದಕ್ಕೆ ಕಾರಣಗಳಾಗಿದ್ದವು. ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದವರು ದಖ್ಖನ್ನಿನ ಒಳನಾಡನ್ನು ಬಳಸಿಕೊಂಡು ಸುಮಾರು 2,041 ಕಿ.ಮೀ. ಪ್ರಯಾಣಿಸಬೇಕಾಗಿತ್ತು.

ಸ್ವಾತಂತ್ರ್ಯಾನಂತರ ಕೊಂಕಣ ಪ್ರದೇಶದ ಸಂಸತ್ ಸದಸ್ಯರಾಗಿದ್ದ ಬ್ಯಾರಿಸ್ಟರ್ ನಾಥ್ ಪೈ ಮತ್ತು ಮಧು ದಂಡವತೆಯವರು ಕರಾವಳಿ ರೈಲಿಗಾಗಿ ನಿರಂತರವಾಗಿ ಒತ್ತಾಯಿಸಿದರು. ದಂಡವತೆಯವರು 1977ರಿಂದ 1979ರವರೆಗೆ ಕೇಂದ್ರ ರೈಲ್ವೆ ಸಚಿವರೂ ಆಗಿದ್ದರು. ಮುಂಬಯಿಯ ಕಡೆಯಿಂದ ಹಳಿಯು ಹಂತಹಂತವಾಗಿ ಮುಂದುವರಿದು 1986ರ ವೇಳೆಗೆ ರೋಹಾವನ್ನು ತಲುಪಿತು. ಅಲ್ಲಿಂದ ಮುಂದಿನ ಕೆಲಸಕ್ಕೆ ಬೇಕಾಗಿದ್ದ ಭಾರೀ ಮೊತ್ತವನ್ನು ವಾರ್ಷಿಕ ಬಜೆಟ್ಟಿನಿಂದ ಹೊಂದಿಸುವುದು ಕಷ್ಟವಾಗಿತ್ತು. ಪ್ರತಿವರ್ಷ ಸಿಗುವ ಸಣ್ಣ ಅನುದಾನದಲ್ಲಿ ಕೆಲಸ ನಡೆಸಿದ್ದರೆ ಮಾರ್ಗವು ಮುಗಿಯಲು ಹಲವು ದಶಕಗಳೇ ಬೇಕಾಗುತ್ತಿದ್ದವು.

== ನಿಗಮದ ಸ್ಥಾಪನೆ ==

1989ರ ಡಿಸೆಂಬರಿನಲ್ಲಿ ವಿ. ಪಿ. ಸಿಂಗ್ ಅವರ ನೇತೃತ್ವದ ಸರ್ಕಾರ ಅಧಿಕಾರಕ್ಕೆ ಬಂದಾಗ ಈ ಯೋಜನೆಗೆ ಅನುಕೂಲಕರವಾದ ಸನ್ನಿವೇಶ ಒದಗಿತು. ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾದರು. ಕೊಂಕಣದ ರಾಜಾಪುರ ಕ್ಷೇತ್ರದ ಪ್ರತಿನಿಧಿಯಾಗಿದ್ದ ಮಧು ದಂಡವತೆ ಹಣಕಾಸು ಸಚಿವರಾದರು. ಉತ್ತರ ಕನ್ನಡ ಜಿಲ್ಲೆಯವರಾದ ರಾಮಕೃಷ್ಣ ಹೆಗಡೆ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಹೀಗೆ ಒಂದು ರೈಲು ಯೋಜನೆಗೆ ಅನುಮೋದನೆ ನೀಡಬೇಕಾದ ಮೂರು ಮುಖ್ಯ ಸ್ಥಾನಗಳಲ್ಲಿಯೂ ಪಶ್ಚಿಮ ಕರಾವಳಿಯನ್ನು ಬಲ್ಲವರೇ ಇದ್ದರು.

1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮವು ಕಂಪನಿ ಕಾಯಿದೆಯಡಿ ನೋಂದಣಿಯಾಯಿತು. ಇದರ ಕೇಂದ್ರ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿದೆ. ಇಂಜಿನಿಯರ್ ಇ. ಶ್ರೀಧರನ್ ನಿಗಮದ ಮೊದಲ ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರಾಗಿ ನೇಮಕಗೊಂಡರು.

== ಹಣಕಾಸಿನ ವ್ಯವಸ್ಥೆ ==

=== ಷೇರು ಬಂಡವಾಳ ===

ಯೋಜನೆಯಿಂದ ಪ್ರಯೋಜನ ಪಡೆಯುವ ರಾಜ್ಯಗಳು ಅದರ ವೆಚ್ಚದಲ್ಲಿಯೂ ಪಾಲುಗೊಳ್ಳಬೇಕು ಎಂಬುದು ಈ ವ್ಯವಸ್ಥೆಯ ಮೂಲತತ್ತ್ವ. ಆರಂಭದಲ್ಲಿ ನಿಗದಿಯಾದ ಷೇರು ಹಂಚಿಕೆ ಹೀಗಿತ್ತು:

* ಭಾರತ ಸರ್ಕಾರ (ರೈಲ್ವೆ ಸಚಿವಾಲಯ) – ಶೇ. 51
* ಮಹಾರಾಷ್ಟ್ರ – ಶೇ. 22
* ಕರ್ನಾಟಕ – ಶೇ. 15
* ಗೋವಾ – ಶೇ. 6
* ಕೇರಳ – ಶೇ. 6

ಕೇರಳದ ನೆಲದಲ್ಲಿ ಈ ಮಾರ್ಗದ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೂ ಮುಂಬಯಿ ಮತ್ತು ಉತ್ತರ ಭಾರತದೊಡನೆ ಆ ರಾಜ್ಯದ ಸಂಪರ್ಕವು ಬಹಳಷ್ಟು ಹತ್ತಿರವಾಗುವುದರಿಂದ ಅದು ಪಾಲುದಾರನಾಯಿತು.

=== ಸಾಲ ಮತ್ತು ಬಾಂಡ್‌ಗಳು ===

ಷೇರು ಬಂಡವಾಳವು ಒಟ್ಟು ವೆಚ್ಚದ ಒಂದು ಭಾಗಕ್ಕೆ ಮಾತ್ರ ಸಾಲುತ್ತಿತ್ತು. ಉಳಿದ ಹಣವನ್ನು ನಿಗಮವು ಮುಖ್ಯವಾಗಿ ಬಾಂಡ್‌ಗಳ ಮೂಲಕ ಸಾರ್ವಜನಿಕರಿಂದ ಮತ್ತು ಹಣಕಾಸು ಸಂಸ್ಥೆಗಳಿಂದ ಸಂಗ್ರಹಿಸಿತು. ನಿರ್ಮಿಸಿ, ನಡೆಸಿ, ಬಳಿಕ ಹಸ್ತಾಂತರಿಸುವ ಪದ್ಧತಿಯನ್ನು ಅನುಸರಿಸಲಾಯಿತು. ಅಂದರೆ ನಿಗಮವು ಮಾರ್ಗವನ್ನು ಕಟ್ಟಿ, ರೈಲುಗಳ ಆದಾಯದಿಂದ ಸಾಲ ತೀರಿಸಿ, ಆಮೇಲೆ ಮಾರ್ಗವನ್ನು ಭಾರತೀಯ ರೈಲ್ವೆಗೆ ಒಪ್ಪಿಸಬೇಕೆಂಬುದು ಉದ್ದೇಶ. ಸಾಲದ ಮರುಪಾವತಿಗೆ ನೆರವಾಗಲೆಂದು, ಪ್ರಯಾಣದರ ಮತ್ತು ಸರಕು ಸಾಗಣೆ ದರವನ್ನು ನಿಗದಿಪಡಿಸುವಾಗ ಈ ಮಾರ್ಗದ ನಿಜವಾದ ಅಂತರಕ್ಕಿಂತ ಹೆಚ್ಚಿನ ಅಂತರವನ್ನು ಲೆಕ್ಕಕ್ಕೆ ಹಿಡಿಯುವ ಕ್ರಮ ಜಾರಿಗೆ ಬಂದಿತು.

ಈ ಪದ್ಧತಿಯ ಮುಖ್ಯ ಲಾಭವೆಂದರೆ ವೇಗ. ಹಣಕ್ಕಾಗಿ ಮುಂದಿನ ವರ್ಷದ ಬಜೆಟ್ಟನ್ನು ಕಾಯಬೇಕಾಗಿರಲಿಲ್ಲ. ಆದರೆ ಸಾಲದ ಮೇಲಿನ ಬಡ್ಡಿ ನಿರ್ಮಾಣದ ಅವಧಿಯಲ್ಲಿಯೂ ಬೆಳೆಯುತ್ತಿರುತ್ತದೆ. ಕೆಲಸ ಒಂದು ವರ್ಷ ತಡವಾದರೆ ಆದಾಯ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಬಡ್ಡಿಯ ಹೊರೆಯೂ ಸೇರಿ ಯೋಜನೆಯ ಒಟ್ಟು ವೆಚ್ಚವು ಸುಮಾರು 3,500 ಕೋಟಿ ರೂಪಾಯಿಗಳಷ್ಟಾಯಿತು.

== ಭೂಸ್ವಾಧೀನ ಮತ್ತು ನಿರ್ಮಾಣ ==

ಮಾರ್ಗಕ್ಕಾಗಿ 40,000ಕ್ಕೂ ಹೆಚ್ಚು ಭೂಮಾಲೀಕರಿಂದ ಜಮೀನು ಪಡೆಯಬೇಕಾಯಿತು. ಇಡೀ ಮಾರ್ಗವನ್ನು ಹಲವು ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರನ್ನು ಹೊಣೆಗಾರನನ್ನಾಗಿ ಮಾಡಿ ಏಕಕಾಲದಲ್ಲಿ ಕೆಲಸ ಆರಂಭಿಸಲಾಯಿತು. ಮಾರ್ಗದಲ್ಲಿ ಚಿಕ್ಕವು ದೊಡ್ಡವು ಸೇರಿ ಸುಮಾರು 2,000 ಸೇತುವೆಗಳೂ 90ಕ್ಕೂ ಹೆಚ್ಚು ಸುರಂಗಗಳೂ ಇವೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವು ಸುಮಾರು 6.5 ಕಿ.ಮೀ. ಉದ್ದವಾಗಿದೆ. ಅದೇ ಜಿಲ್ಲೆಯ ಪಾನ್ವಲ್ ಸೇತುವೆಯು ಕಣಿವೆಯ ತಳದಿಂದ ಸುಮಾರು 64 ಮೀಟರ್ ಎತ್ತರದಲ್ಲಿದೆ. ಹೊನ್ನಾವರದಲ್ಲಿ ಶರಾವತಿ ನದಿಗೆ ಕಟ್ಟಿರುವ ಸೇತುವೆಯು ಎರಡು ಕಿಲೋಮೀಟರಿಗಿಂತ ಉದ್ದವಾಗಿದ್ದು, ಈ ಮಾರ್ಗದ ಅತಿ ಉದ್ದದ ಸೇತುವೆಯಾಗಿದೆ.

ಗಟ್ಟಿ ಬಂಡೆಯನ್ನು ಕೊರೆಯುವುದಕ್ಕಿಂತ ಮೆದುಮಣ್ಣಿನಲ್ಲಿ ಸುರಂಗ ತೋಡುವುದು ಹೆಚ್ಚು ಕಠಿಣವಾಗಿ ಪರಿಣಮಿಸಿತು. ಗೋವಾದ ಪೆರ್ನೆಂ ಸುರಂಗದಲ್ಲಿ ಮಣ್ಣು ಮತ್ತೆಮತ್ತೆ ಕುಸಿದು, ಇಡೀ ಯೋಜನೆಯ ಮುಕ್ತಾಯ ತಡವಾಯಿತು. ನಿರ್ಮಾಣದ ಅವಧಿಯಲ್ಲಿ 70ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿ ರತ್ನಾಗಿರಿಯಲ್ಲಿ ಸ್ಮಾರಕವಿದೆ.

1993ರ ಮಾರ್ಚ್‌ನಲ್ಲಿ ಮಂಗಳೂರು–ಉಡುಪಿ ಭಾಗದಲ್ಲಿ ರೈಲು ಸಂಚಾರ ಆರಂಭವಾಯಿತು. ಉಳಿದ ಭಾಗಗಳು ಒಂದೊಂದಾಗಿ ತೆರೆದುಕೊಂಡು, 1998ರ ಜನವರಿ 26ರಂದು ಪೂರ್ಣ ಮಾರ್ಗವು ಲೋಕಾರ್ಪಣೆಗೊಂಡಿತು.

== ಗೋವಾದಲ್ಲಿ ವಿರೋಧ ==

ಗೋವಾದಲ್ಲಿ ಮಾರ್ಗವು ಜನನಿಬಿಡ ಕರಾವಳಿ ತಾಲೂಕುಗಳ ಮೂಲಕ ಹೋಗುವುದನ್ನು ಅನೇಕರು ವಿರೋಧಿಸಿದರು. ಖಜಾನ್ ಎಂದು ಕರೆಯಲಾಗುವ ಉಪ್ಪುನೀರಿನ ಅಂಚಿನ ಗದ್ದೆಗಳಿಗೆ, ಮನೆಗಳಿಗೆ ಹಾಗೂ ಪರಿಸರಕ್ಕೆ ಹಾನಿಯಾಗುವುದೆಂಬುದು ಅವರ ವಾದ. ಮಾರ್ಗವನ್ನು ಪೂರ್ವದ ಒಳನಾಡಿಗೆ ಬದಲಿಸಬೇಕೆಂದು ಅವರು ಒತ್ತಾಯಿಸಿದರು. ಪರಿಸರ ಸಂಘಟನೆಯೊಂದು ಸಲ್ಲಿಸಿದ ಅರ್ಜಿಯನ್ನು ಬಾಂಬೆ ಹೈಕೋರ್ಟು 1992ರಲ್ಲಿ ವಜಾಗೊಳಿಸಿತು. ಆಂದೋಲನ ಮುಂದುವರಿದುದರಿಂದ 1993ರಲ್ಲಿ ಗೋವಾದ ಕೆಲಸವನ್ನು ಕೆಲಕಾಲ ನಿಲ್ಲಿಸಿ, ನ್ಯಾಯಮೂರ್ತಿ ಓಝಾ ಅವರ ಏಕಸದಸ್ಯ ಆಯೋಗವನ್ನು ನೇಮಿಸಲಾಯಿತು. ಕೊನೆಗೆ ಮಾರ್ಗವು ಕರಾವಳಿಯ ಬದಿಯಲ್ಲಿಯೇ ನಿರ್ಮಾಣವಾಯಿತು.

== ಪರಿಣಾಮಗಳು ==

ಮುಂಬಯಿ–ಮಂಗಳೂರು ರೈಲು ಅಂತರವು 2,041 ಕಿ.ಮೀ.ಯಿಂದ 914 ಕಿ.ಮೀ.ಗೆ ಇಳಿಯಿತು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿಗಳಂತಹ ಊರುಗಳಿಗೆ ಮೊದಲ ಬಾರಿಗೆ ರೈಲು ಬಂದಿತು. ಮುಂಬಯಿಯಲ್ಲಿ ಹೋಟೆಲು ಮತ್ತಿತರ ಉದ್ಯೋಗಗಳಲ್ಲಿರುವ ಕರಾವಳಿ ಕನ್ನಡಿಗರಿಗೂ ತುಳುವರಿಗೂ ಇದರಿಂದ ಊರಿನ ನಂಟು ಸುಲಭವಾಯಿತು. 1999ರ ಜನವರಿಯಲ್ಲಿ, ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಸಾಗಿಸುವ ರೋರೋ ಸೇವೆಯನ್ನು ನಿಗಮವು ಆರಂಭಿಸಿತು. ಅದು ನಂತರ ಸುರತ್ಕಲ್ಲಿನವರೆಗೆ ವಿಸ್ತರಿಸಿತು.

ಮಳೆಗಾಲದ ಭೂಕುಸಿತವು ಈ ಮಾರ್ಗದ ದೊಡ್ಡ ಅಪಾಯವಾಗಿದೆ. 2003ರ ಜೂನ್ 22ರಂದು ವೈಭವವಾಡಿಯ ಬಳಿ ಕಾರವಾರ–ಮುಂಬಯಿ ವಿಶೇಷ ರೈಲು ಹಳಿ ತಪ್ಪಿ ಸುಮಾರು 50 ಜನ ಮೃತಪಟ್ಟರು. 2004ರ ಜೂನ್‌ನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕೂಡ ಅಪಘಾತಕ್ಕೀಡಾಯಿತು. ಇದೀಗ ಮಳೆಗಾಲದಲ್ಲಿ ರೈಲುಗಳ ವೇಗವನ್ನು ತಗ್ಗಿಸಿ, ಪ್ರತ್ಯೇಕ ವೇಳಾಪಟ್ಟಿಯಂತೆ ಓಡಿಸಲಾಗುತ್ತದೆ. ಗುಡ್ಡಗಳ ಇಳಿಜಾರನ್ನು ಭದ್ರಪಡಿಸುವ ಕೆಲಸ ಮತ್ತು ಹಳಿಗಳ ಗಸ್ತು ನಿಗಮದ ಖರ್ಚಿನ ಭಾಗವೇ ಆಗಿವೆ.

== ಸಾಲದ ಹೊರೆ ಮತ್ತು ವಿಲೀನದ ಚರ್ಚೆ ==

ನಿರೀಕ್ಷಿಸಿದಷ್ಟು ಸರಕು ಸಾಗಣೆ ಆರಂಭದ ವರ್ಷಗಳಲ್ಲಿ ದೊರೆಯಲಿಲ್ಲ. ಬಾಂಡ್‌ಗಳ ಮರುಪಾವತಿಗೆ ರೈಲ್ವೆ ಸಚಿವಾಲಯದ ನೆರವು ಅನಿವಾರ್ಯವಾಯಿತು. ಬಳಿಕ ಆ ಸಾಲವನ್ನು ಆದ್ಯತಾ ಷೇರುಗಳನ್ನಾಗಿ ಪರಿವರ್ತಿಸಲಾಯಿತು. ಆದಾಯದ ಇನ್ನೊಂದು ಮೂಲವಾಗಿ ನಿಗಮವು ಹೊರಗಿನ ನಿರ್ಮಾಣ ಕಾರ್ಯಗಳನ್ನು ವಹಿಸಿಕೊಳ್ಳುತ್ತದೆ. ಜಮ್ಮು ಮತ್ತು ಕಾಶ್ಮೀರದಲ್ಲಿ 2025ರಲ್ಲಿ ಉದ್ಘಾಟನೆಗೊಂಡ ಚೆನಾಬ್ ರೈಲು ಸೇತುವೆ ಇವುಗಳಲ್ಲಿ ಪ್ರಮುಖವಾದುದು.

ರೋಹಾ–ವೀರ್ ನಡುವಿನ ಸುಮಾರು 47 ಕಿ.ಮೀ. ಜೋಡಿ ಮಾರ್ಗವಾಗಿ 2021ರಲ್ಲಿ ಪೂರ್ಣಗೊಂಡಿತು. ಪೂರ್ಣ ಮಾರ್ಗದ ವಿದ್ಯುದೀಕರಣವನ್ನು 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಾಷ್ಟ್ರಕ್ಕೆ ಸಮರ್ಪಿಸಿದರು. ಆದರೆ ವೀರ್‌ನಿಂದ ದಕ್ಷಿಣಕ್ಕೆ ಬಹುಪಾಲು ಒಂಟಿ ಹಳಿಯೇ ಇದೆ. ಎದುರಿನ ರೈಲಿಗೆ ದಾರಿ ಬಿಡಲು ನಿಲ್ಲಬೇಕಾಗುವುದರಿಂದ ಹೊಸ ರೈಲುಗಳನ್ನು ಸೇರಿಸುವುದು ಕಷ್ಟವಾಗಿದೆ.

ಜೋಡಿ ಹಳಿ ಹಾಕಲು ಬೇಕಾದ ಬಂಡವಾಳವನ್ನು ನಿಗಮವು ಸ್ವಂತ ಬಲದಿಂದ ಹೊಂದಿಸಲಾರದು. ಭಾರತೀಯ ರೈಲ್ವೆಯಲ್ಲಿ ವಿಲೀನವಾದರೆ ಮಾತ್ರ ಕೇಂದ್ರ ಬಜೆಟ್ಟಿನ ಹಣ ನೇರವಾಗಿ ದೊರೆಯುತ್ತದೆ ಎಂಬುದು ವಿಲೀನವನ್ನು ಬಯಸುವವರ ವಾದ. ಕರಾವಳಿ ಕರ್ನಾಟಕದ ಪ್ರಯಾಣಿಕರ ಸಂಘಟನೆಗಳು ಈ ಬೇಡಿಕೆಯನ್ನು ಹಲವು ವರ್ಷಗಳಿಂದ ಮುಂದಿಟ್ಟಿವೆ. ದೊಡ್ಡ ರೈಲ್ವೆ ವಲಯವೊಂದರ ಭಾಗವಾದರೆ ಕರಾವಳಿಯ ಅಗತ್ಯಗಳು ಹಿಂದಕ್ಕೆ ಸರಿದಾವು ಎಂಬ ಆತಂಕವೂ ವ್ಯಕ್ತವಾಗಿದೆ. ಗೋವಾ, ಕರ್ನಾಟಕ ಮತ್ತು ಕೇರಳ ಸರ್ಕಾರಗಳು ಒಪ್ಪಿಗೆ ನೀಡಿದ ನಂತರ, 2025ರಲ್ಲಿ ಮಹಾರಾಷ್ಟ್ರ ಸರ್ಕಾರವೂ ಸಮ್ಮತಿಸಿತು. ವಿಲೀನದ ನಂತರವೂ 'ಕೊಂಕಣ ರೈಲ್ವೆ' ಎಂಬ ಹೆಸರು ಉಳಿಯಬೇಕು ಮತ್ತು ತಾನು ಹೂಡಿದ ಹಣ ಮರಳಬೇಕು ಎಂಬ ಷರತ್ತುಗಳನ್ನು ಅದು ಮುಂದಿಟ್ಟಿತು.

== ಇವನ್ನೂ ನೋಡಿ ==

* ಭಾರತೀಯ ರೈಲ್ವೆ
* ಇ. ಶ್ರೀಧರನ್
* ಜಾರ್ಜ್ ಫರ್ನಾಂಡಿಸ್
* ಮತ್ಸ್ಯಗಂಧ ಎಕ್ಸ್‌ಪ್ರೆಸ್
* ಶರಾವತಿ ನದಿ