ಲಿಂಗಭೇದ ಧೋರಣೆ, ಕಾಲೇಜು ವಿದ್ಯಾರ್ಥಿಗಳಲ್ಲಿ

ಹೆಣ್ಣು-ಗಂಡಿನ ಸ್ಥಾನಮಾನದ ಬಗ್ಗೆ ವಿದ್ಯಾರ್ಥಿಗಳು ತಳೆಯುವ ನಿಲುವು, ಅದರ ಹಿಂದಿರುವ ಮನೆ, ಧರ್ಮ, ಓದು, ದೇಶಗಳ ಪ್ರಭಾವ ಸಾಮಾಜಿಕ ಮನೋವಿಜ್ಞಾನದ ಅಧ್ಯಯನ ವಿಷಯ. ಅಮೆರಿಕದ ಜಾನೆಟ್ ಸ್ಪೆನ್ಸ್ ಮತ್ತು ರಾಬರ್ಟ್ ಹೆಲ್ಮ್‌ರೈಕ್ 1972ರಲ್ಲಿ ಇದಕ್ಕಾಗಿ 55 ಹೇಳಿಕೆಗಳ ಮಾಪನವೊಂದನ್ನು ಪ್ರಕಟಿಸಿದರು. ಬರಬರುತ್ತಾ ಹೆಚ್ಚಿನ ವಿದ್ಯಾರ್ಥಿಗಳು ಸಮಾನತೆಯ ಉತ್ತರಕ್ಕೇ ಗುರುತು ಹಾಕತೊಡಗಿ ಅದು ಮೊಂಡಾಯಿತು.

1996ರಲ್ಲಿ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ ರೂಪಿಸಿದ 22 ಹೇಳಿಕೆಗಳ ಪ್ರಶ್ನಾವಳಿ ಈ ಧೋರಣೆಯನ್ನು ಎರಡಾಗಿ ಬಿಡಿಸಿತು. ಹೆಣ್ಣು ಗಂಡಿನ ಮೇಲೆ ಹಿಡಿತ ಸಾಧಿಸಲು ಹವಣಿಸುತ್ತಾಳೆ ಎನ್ನುವುದು ಹಗೆಯ ಧೋರಣೆ. ಗಂಡು ಆಕೆಯನ್ನು ಪೊರೆದು ಕಾಪಾಡಬೇಕು ಎನ್ನುವುದು ಅಕ್ಕರೆಯ ಧೋರಣೆ. ಹೊಗಳಿಕೆಯ ವೇಷದಲ್ಲಿ ಬರುವುದರಿಂದ ಎರಡನೆಯದನ್ನು ಗುರುತಿಸುವುದೇ ಕಷ್ಟ. ಸುಶಿಕ್ಷಿತ ಮನೆಗಳಲ್ಲೂ ಅದಕ್ಕೆ ಮರ್ಯಾದೆಯಿದೆ.

2000ದಲ್ಲಿ ಪ್ರಕಟವಾದ 19 ದೇಶಗಳ ಅಧ್ಯಯನದಲ್ಲಿ 15,000ಕ್ಕೂ ಹೆಚ್ಚು ಮಂದಿ ಪಾಲ್ಗೊಂಡಿದ್ದರು. ಗಂಡಸರಲ್ಲಿ ಹಗೆ ಹೆಚ್ಚಿದ್ದ ದೇಶಗಳಲ್ಲಿ ಹೆಂಗಸರೂ ಅಕ್ಕರೆಯ ಧೋರಣೆಯನ್ನು ಹೆಚ್ಚಾಗಿ ಒಪ್ಪಿದ್ದರು; ರಕ್ಷಣೆ ಬೇಕೆನಿಸುವ ಕಡೆ ಅದು ಆಸರೆಯಂತೆ ಕಾಣುತ್ತದೆ. 2002ರ ಅಧ್ಯಯನವೊಂದರಲ್ಲಿ ಸ್ಪೇನಿನ ವಯಸ್ಕರ ಪೈಕಿ ಹೆಚ್ಚು ಓದಿದವರಲ್ಲಿ ಎರಡೂ ಕಡಿಮೆಯಿದ್ದವು. ಕ್ಯಾಥೊಲಿಕ್ ಶ್ರದ್ಧೆ ಹೆಚ್ಚಿದ್ದವರಲ್ಲಿ ಅಕ್ಕರೆಯ ಧೋರಣೆ ಹೆಚ್ಚಿತ್ತು.

ಈ ಕ್ಷೇತ್ರದ ಸಂಶೋಧನೆ ಸುಲಭವಾಗಿ ಸಿಗುವ ವಿದ್ಯಾರ್ಥಿಗಳನ್ನೇ ಬಹಳವಾಗಿ ನೆಚ್ಚಿದೆ. ಕಾಲೇಜಿನ ಮೆಟ್ಟಿಲು ಹತ್ತದವರ ಬಗ್ಗೆ ಅದು ಹೇಳುವುದು ಕಡಿಮೆ.