ಕಡತದಿಂದ ಆ್ಯಪ್‌ವರೆಗೆ: ಒಂದೇ ಪುಸ್ತಕದ ಒಳಿತು ಕೆಡುಕು

‘ಕಡತ ಇನ್ನೂ ಮೇಲಿನಿಂದ ಬಂದಿಲ್ಲ’ ಎಂಬ ಉತ್ತರ ಸರ್ಕಾರಿ ಕಚೇರಿಗೆ ಅಲೆದ ಯಾರಿಗೂ ಹೊಸದಲ್ಲ. ಇಂದು ಕಡತವೆಂದರೆ ದಾರ ಕಟ್ಟಿದ ಕಾಗದದ ಕಟ್ಟು, ಇಲ್ಲವೇ ಕಂಪ್ಯೂಟರಿನೊಳಗಿನ ಇ-ಕಡತ. ಆದರೆ ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಲ್ಲಿ ಕಡತವೆಂದರೆ ಬೇರೆಯೇ ವಸ್ತು. ಅದರಲ್ಲಿ ಕಾಗದದ ಚೂರೂ ಇರುತ್ತಿರಲಿಲ್ಲ. ಅದು ಕಪ್ಪು ಬಳಿದ ಬಟ್ಟೆಯ ಪುಸ್ತಕ. ಲೆಕ್ಕ, ಸಾಲ, ದಾಖಲೆಯ ನಕಲು, ನೆನಪಿನ ಟಿಪ್ಪಣಿ ಎಲ್ಲಕ್ಕೂ ಅದೇ ಆಧಾರ.

ಆ ಹಳೆಯ ಕಡತವನ್ನು ಈಗ ಬಿಚ್ಚಿ ನೋಡಲು ಕಾರಣವಿದೆ. ಆರ್.ಟಿ. ನಗರದಂಥ ಬಡಾವಣೆಯಲ್ಲಿ ಇಂದು ದಿನಸಿ ಅಂಗಡಿಯ ಉದ್ರಿ, ಮನೆಯ ಹಾಲಿನ ಲೆಕ್ಕ, ಪರೀಕ್ಷೆಗೆ ಓದುವವರ ಟಿಪ್ಪಣಿ, ಸಾಫ್ಟ್‌ವೇರ್ ನೌಕರರ ಕೆಲಸದ ಪಟ್ಟಿ ಎಲ್ಲವೂ ಮೊಬೈಲ್ ಫೋನಿನೊಳಗೆ ಸೇರುತ್ತಿವೆ. ಟಿಪ್ಪಣಿ, ಪಟ್ಟಿ, ಕೋಷ್ಟಕ, ದಿನಚರಿ ಇವನ್ನೆಲ್ಲ ಒಂದರಲ್ಲೇ ಒದಗಿಸುವ ಆ್ಯಪ್‌ಗಳಿವೆ. ‘ಎಲ್ಲವೂ ಒಂದೇ ಕಡೆ’ ಎಂಬುದು ಅವುಗಳ ಭರವಸೆ. ಭರವಸೆ ಹೊಸದು, ಆದರೆ ಅದರ ಹಿಂದಿನ ಆಸೆ ಬಹಳ ಹಳೆಯದು. ಆ ಆಸೆಯ ಒಳಿತು ಕೆಡುಕುಗಳನ್ನು ಕನ್ನಡ ನಾಡು ಒಮ್ಮೆ ಅಳೆದು ನೋಡಿದೆ.

ಕಲ್ಲು, ಓಲೆ, ಬಟ್ಟೆ

ಆರ್.ಟಿ. ನಗರಕ್ಕೆ ಹೊಂದಿಕೊಂಡಂತಿರುವ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಶಾಸನ ಯುದ್ಧದಲ್ಲಿ ಮಡಿದ ಕಿತ್ತಯ್ಯ ಎಂಬ ವೀರನ ನೆನಪನ್ನು ಉಳಿಸಿದೆ. ಹನ್ನೆರಡು ಶತಮಾನ ದಾಟಿದರೂ ಅಕ್ಷರ ಅಳಿದಿಲ್ಲ. ಕಲ್ಲಿನ ಗುಣವೇ ಅದು. ಒಮ್ಮೆ ಕೊರೆದರೆ ಮುಗಿಯಿತು. ಆದರೆ ಅದೇ ಅದರ ಮಿತಿಯೂ ಹೌದು. ಇಂದು ಎರಡು ಸೇರು ರಾಗಿ ಸಾಲ ಕೊಟ್ಟು ನಾಳೆ ವಾಪಸು ಪಡೆಯುವ ವ್ಯಾಪಾರಿಗೆ ಕಲ್ಲಿನಿಂದ ಪ್ರಯೋಜನವಿಲ್ಲ.

ತಾಳೆಗರಿ ಹಗುರ. ಆದರೆ ಕಂಟದಿಂದ ಕೊರೆದ ಅಕ್ಷರವನ್ನು ಅದರಲ್ಲೂ ಅಳಿಸಲಾಗದು. ದಿನದಿನಕ್ಕೆ ಬದಲಾಗುವ ಲೆಕ್ಕಕ್ಕೆ ಬರೆದು ಅಳಿಸಿ ಮತ್ತೆ ಬರೆಯಬಹುದಾದ ವಸ್ತು ಬೇಕಿತ್ತು. ಆ ಅಗತ್ಯವನ್ನು ಪೂರೈಸಿದ್ದು ಕಡತ.

ಅದನ್ನು ತಯಾರಿಸುವ ಬಗೆ ಸರಳ. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿಯನ್ನು ಬಳಿದು, ಇದ್ದಿಲಿನ ಪುಡಿಯಿಂದ ಕಪ್ಪಾಗಿಸಿ ಒಣಗಿಸುತ್ತಿದ್ದರು. ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಎಲ್ಲೂ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಚಿದರೆ ಪುಸ್ತಕ ಸಿದ್ಧ. ಉಳ್ಳವರ ಕಡತದ ಎರಡು ತುದಿಗೂ ಬಣ್ಣ ಬಳಿದ ಮರದ ಹಲಗೆ, ಮೇಲೊಂದು ರೇಷ್ಮೆ ಚೀಲ. ಇಲ್ಲದವರಿಗೆ ಒಂದು ದಾರ ಸಾಕು. ಬರೆಯಲು ಬಳಪ. ಕಪ್ಪಿನ ಮೇಲೆ ಬಿಳಿ ಅಕ್ಷರ, ಸ್ಲೇಟಿನಂತೆಯೇ. ಬೇಡವೆಂದಾಗ ಒರೆಸಿ ಮತ್ತೆ ಬರೆಯಬಹುದು.

ಶೃಂಗೇರಿಯ ಸಾಕ್ಷ್ಯ

ಇಂಥ ಬಟ್ಟೆ ಎಷ್ಟು ಕಾಲ ಬಾಳೀತು ಎಂಬ ಅನುಮಾನ ಸಹಜ. ಅದಕ್ಕೆ ಉತ್ತರ ಶೃಂಗೇರಿ ಮಠದಲ್ಲಿದೆ. ಮೈಸೂರು ಪುರಾತತ್ವ ಇಲಾಖೆಯ 1916ರ ವರದಿ ಅಲ್ಲಿನ ನೂರಾರು ಕಡತಗಳನ್ನು ದಾಖಲಿಸಿತು. ‘ಕರ್ಣಾಟಕ ಕವಿಚರಿತೆ’ಯ ಕರ್ತೃ ಆರ್. ನರಸಿಂಹಾಚಾರ್ ಆಗ ಇಲಾಖೆಯ ಮುಖ್ಯಸ್ಥರು. ಕೆಲವು ಕಡತಗಳು ಅಷ್ಟು ಹೊತ್ತಿಗೇ ಮುನ್ನೂರು ವರ್ಷದಷ್ಟು ಹಳೆಯವು.

ವಯಸ್ಸಿಗಿಂತ ಕುತೂಹಲದ್ದು ಅವುಗಳೊಳಗಿನ ವಿಷಯ. ಮಠದ ಲೆಕ್ಕಪತ್ರ, ಶಿಲಾಶಾಸನ ಹಾಗೂ ತಾಮ್ರಶಾಸನಗಳ ನಕಲು, ಗುರುಪರಂಪರೆಯ ವಿವರ ಎಲ್ಲವೂ ಕಡತದಲ್ಲೇ ಸೇರಿವೆ. ಇತಿಹಾಸಕಾರ ಎ.ಕೆ. ಶಾಸ್ತ್ರಿ ಅವರು ಮುಂದೆ ಈ ದಾಖಲೆಗಳನ್ನು ಓದಿ, ಆಯ್ದವನ್ನು ಪ್ರಕಟಿಸಿದರು. ಅಳಿಸಲು ಬರುವ ಪುಸ್ತಕವೇ ಅಳಿಯದೆ ಉಳಿದು ಇತಿಹಾಸಕ್ಕೆ ಆಕರವಾಯಿತು. ಇಡುವವರು ಜೋಪಾನವಾಗಿ ಇಟ್ಟದ್ದರಿಂದ ಮತ್ತು ಒರೆಸುವ ಕೈ ಒರೆಸದೆ ಬಿಟ್ಟದ್ದರಿಂದ ಅದು ಸಾಧ್ಯವಾಯಿತು.

ಸುಲ್ತಾನನ ನಿಷೇಧ

ಎಲ್ಲ ಕೈಗಳನ್ನೂ ಹಾಗೆ ನಂಬಲಾಗದು ಎಂದು ಟಿಪ್ಪು ಸುಲ್ತಾನ್ ಭಾವಿಸಿರಬೇಕು. ಸರ್ಕಾರದ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ಆತ ನಿಷೇಧಿಸಿದ. ಇದನ್ನು ತಿಳಿಸುವವನು 19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಕಡತವನ್ನು ಆತ ವಿವರವಾಗಿ ವರ್ಣಿಸಿದ್ದಾನೆ.

ವಿಲ್ಕ್ಸ್ ಕಡತದ ಪರವಾಗಿಯೇ ಮಾತನಾಡುತ್ತಾನೆ. ಅಕ್ಷರವನ್ನು ಅಳಿಸಬಹುದೆಂಬ ದೋಷ ನಿಜ, ಆದರೆ ಉತ್ತಮ ಕಾಗದದ ಮೇಲಿನ ಉತ್ತಮ ಬರಹಕ್ಕಿಂತ ಕಡತವೇ ಹೆಚ್ಚು ಬಾಳುತ್ತದೆ ಎಂಬುದು ಅವನ ಅಭಿಪ್ರಾಯ. ಮೈಸೂರಿನ ವರ್ತಕರು, ಅಂಗಡಿಯವರು ಆಗಲೂ ಅದನ್ನೇ ಬಳಸುತ್ತಿದ್ದರು. ಸಾಕ್ಷಿಗಳ ಸಮೇತ ವರ್ತಕನೊಬ್ಬನ ಕಡತದಲ್ಲಿ ಬರೆದಿದ್ದ ಸಾಲಪತ್ರವೊಂದನ್ನು ವಿಚಾರಣೆಯಲ್ಲಿ ಪುರಾವೆಯಾಗಿ ಒಪ್ಪಿದ್ದನ್ನು ತಾನೇ ಕಂಡಿದ್ದಾಗಿ ಅವನು ಹೇಳುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಡತ ಒಂದೇ ಉದ್ದನೆಯ ಬಟ್ಟೆಯಾದ್ದರಿಂದ ನಡುವಿನ ಹಾಳೆಯನ್ನು ಗುಟ್ಟಾಗಿ ಕಿತ್ತುಹಾಕುವಂತಿಲ್ಲ. ಆದರೆ ಒದ್ದೆ ಬಟ್ಟೆ ಸವರಿದರೆ ಅಕ್ಷರ ಮಾಯ. ಕಾಗದದ ಪುಸ್ತಕದಲ್ಲಿ ಶಾಯಿಯ ಅಕ್ಷರವನ್ನು ಅಳಿಸುವುದು ಕಷ್ಟ, ಹಾಳೆ ಕೀಳುವುದು ಸುಲಭ. ವರ್ತಕನಿಗೆ ಅಳಿಸುವ ಅನುಕೂಲ ಬೇಕು, ಸರ್ಕಾರಕ್ಕೆ ಅದೇ ಭಯ. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ.

ಮೂರು ಸೇರಿ ಒಂದು ಪಹಣಿ

ಕಾಗದ ಬಂದ ಮೇಲೂ ಪ್ರಶ್ನೆ ಬಗೆಹರಿಯಲಿಲ್ಲ. ಹಳ್ಳಿಯ ಜಮೀನಿನ ಲೆಕ್ಕ ವಂಶಪಾರಂಪರ್ಯ ಶಾನುಭೋಗರ ಕೈಯಲ್ಲಿತ್ತು. ಯಾರ ಹೊಲ ಯಾರದೆಂದು ತಿಳಿಯಲು ಅವರ ದಫ್ತರವೇ ಗತಿ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಹುದ್ದೆಗಳು ಹೋದವು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು.

ರೈತರಿಗೆ ಚಿರಪರಿಚಿತವಾದ ಪಹಣಿಯೂ ‘ಎಲ್ಲವೂ ಒಂದೇ ಕಡೆ’ ಎಂಬ ಆಸೆಯ ಫಲವೇ. ಜಮೀನಿನ ಹಕ್ಕು, ಗೇಣಿ, ಬೆಳೆ ಈ ಮೂರನ್ನೂ ಅದು ಒಂದೇ ಹಾಳೆಗೆ ತಂದಿತು. ಸುಮಾರು 67 ಲಕ್ಷ ಭೂಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳನ್ನು ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ವ್ಯವಸ್ಥೆ ಬಂತು. ಅಂದರೆ ಅಳಿಸುವ ಕೈಯನ್ನು ಗುರುತಿಟ್ಟುಕೊಳ್ಳುವ ಪ್ರಯತ್ನ ಅದು. ಟಿಪ್ಪು ನಿಷೇಧದಿಂದ ಪರಿಹರಿಸಲು ಹೊರಟ ಸಮಸ್ಯೆಗೆ ಇದು ಇನ್ನೊಂದು ಉತ್ತರ.

ಆದರೂ ಗೋಳು ಪೂರ್ತಿ ತೀರಲಿಲ್ಲ. ತಪ್ಪಾಗಿ ನಮೂದಾದ ಹೆಸರು ಕಂಪ್ಯೂಟರಿನಲ್ಲೂ ತಪ್ಪೇ. ಪಹಣಿ ತಿದ್ದುಪಡಿಗೆಂದು ತಾಲ್ಲೂಕು ಕಚೇರಿಗೆ ಅಲೆಯುವುದು ತಪ್ಪದೆ, ಸರ್ಕಾರ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಎಲ್ಲವೂ ಒಂದೇ ಹಾಳೆಯಲ್ಲಿದ್ದರೆ ಒಂದು ತಪ್ಪು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಹೆಸರು ತಪ್ಪಿದವನಿಗೆ ಬೆಳೆ ಸಾಲವೂ ಕಷ್ಟ, ಪರಿಹಾರವೂ ಕಷ್ಟ.

ಜೇಬಿನೊಳಗಿನ ಕಡತ

ಈ ಹಿನ್ನೆಲೆಯಲ್ಲಿ ಇಂದಿನ ಆ್ಯಪ್‌ಗಳನ್ನು ನೋಡಬೇಕು. ಅವುಗಳ ಒಳಿತು ಸಣ್ಣದಲ್ಲ. ವರ್ಷದ ಹಿಂದೆ ಬರೆದ ಒಂದು ಸಾಲನ್ನು ಕ್ಷಣದಲ್ಲಿ ಹುಡುಕಿ ಕೊಡುತ್ತವೆ. ಫೋನ್ ಕಳೆದರೂ ಬರಹ ಉಳಿಯುತ್ತದೆ. ಒಂದೇ ಪಟ್ಟಿಯನ್ನು ಮನೆಯವರೆಲ್ಲ ನೋಡಬಹುದು. ಬೆಂಗಳೂರಿನಲ್ಲೇ ನೆಲೆಯಿರುವ ಖಾತಾಬುಕ್ ಕಂಪನಿಯ ಆ್ಯಪ್‌ನಲ್ಲಿ ಅಂಗಡಿಯವರು ಉದ್ರಿ ಬರೆದರೆ ಗ್ರಾಹಕರಿಗೂ ಸಂದೇಶ ಕಳಿಸಬಹುದು. ಹಿಂದೆ ದಿನಸಿ ಅಂಗಡಿಯಲ್ಲೊಂದು, ಗಿರಾಕಿಯ ಮನೆಯಲ್ಲೊಂದು ಲೆಕ್ಕದ ಪುಸ್ತಕ ಇರುತ್ತಿದ್ದದ್ದೂ ಇದೇ ಕಾರಣಕ್ಕೆ. ಲೆಕ್ಕ ಎರಡು ಕಡೆ ಇದ್ದರೆ ಒಬ್ಬರೇ ಅಳಿಸಿ ದಕ್ಕಿಸಿಕೊಳ್ಳಲಾಗದು.

ಕೆಡುಕು ಇರುವುದು ಬೇರೆಡೆ. ಕಡತವನ್ನು ಮಾಡಿಕೊಟ್ಟವನು ಸತ್ತರೂ ಊರು ಬಿಟ್ಟರೂ ಕಡತ ತೆರೆದುಕೊಳ್ಳುತ್ತಿತ್ತು. ಅಕ್ಷರ ಬಲ್ಲ ಯಾರಾದರೂ ಓದಬಹುದಿತ್ತು. ಆ್ಯಪ್ ಹಾಗಲ್ಲ, ತಯಾರಿಸಿದ ಕಂಪನಿಯ ನಿಯಮಕ್ಕೆ ಅದು ಕಟ್ಟುಬಿದ್ದಿದೆ. ಎವರ್‌ನೋಟ್ ಇದಕ್ಕೆ ನಿದರ್ಶನ. 2008ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಟಿಪ್ಪಣಿ ಆ್ಯಪ್ ಜಗತ್ತಿನಾದ್ಯಂತ ಹೆಸರು ಮಾಡಿತು. 2022ರ ಕೊನೆಯಲ್ಲಿ ಅದನ್ನು ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿ ಕೊಳ್ಳುವುದು ಪ್ರಕಟವಾಯಿತು. 2023ರ ಡಿಸೆಂಬರ್‌ನಲ್ಲಿ ಹಣ ಕೊಡದ ಬಳಕೆದಾರರಿಗೆ 50 ಟಿಪ್ಪಣಿ, ಒಂದೇ ಪುಸ್ತಕ ಎಂಬ ಮಿತಿ ಬಂತು. ಮಿತಿ ಮೀರಿದವರು ಹಳೆಯದನ್ನು ನೋಡಬಹುದಿತ್ತು, ಹೊರತೆಗೆಯಬಹುದಿತ್ತು, ಹೊಸದನ್ನು ಬರೆಯುವಂತಿರಲಿಲ್ಲ. ಪುಸ್ತಕ ಯಾರದೆಂಬ ಪ್ರಶ್ನೆ ಅಂದು ಅನೇಕರಿಗೆ ಮೊದಲ ಬಾರಿ ಎದುರಾಯಿತು.

ಕಾನೂನಿನ ಎಚ್ಚರವೂ ಗಮನಾರ್ಹ. ಲೆಕ್ಕದ ಪುಸ್ತಕದ ನಮೂದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ವವನ್ನು ಉಳಿಸಿಕೊಂಡಿದೆ. ಕಂಪ್ಯೂಟರ್ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರವನ್ನೂ ಕೇಳುತ್ತದೆ. ವರ್ತಕನ ಕಡತದ ಸಾಲಪತ್ರಕ್ಕೆ ಬಲ ಕೊಟ್ಟದ್ದು ಸಾಕ್ಷಿಗಳ ಹೆಸರು. ಇಂದಿನ ದಾಖಲೆಗೂ ಬರಹದ ಹೊರಗಿನ ಆಸರೆ ಬೇಕೇ ಬೇಕು.

ಹಾಗಾದರೆ ಎಲ್ಲವನ್ನೂ ಒಂದೇ ಕಡೆ ಇಡುವುದು ಒಳ್ಳೆಯದೋ ಕೆಟ್ಟದ್ದೋ? ಕಡತದ ಕಥೆ ಇದಕ್ಕೆ ನೇರ ಉತ್ತರ ಕೊಡದೆ, ಕೇಳಬೇಕಾದ ಎರಡು ಪ್ರಶ್ನೆಗಳನ್ನು ತೋರಿಸಿಕೊಡುತ್ತದೆ. ಬರೆದದ್ದನ್ನು ಅಳಿಸುವ ಅಧಿಕಾರ ಯಾರ ಕೈಯಲ್ಲಿದೆ? ಪುಸ್ತಕ ಮಾಡಿಕೊಟ್ಟವರು ನಾಳೆ ಇಲ್ಲವಾದರೆ ಅದು ತೆರೆಯುತ್ತದೆಯೇ? ಮಾರುಕಟ್ಟೆಯ ಪಟ್ಟಿ, ನಾಳಿನ ಕೆಲಸ ಇಂಥವು ಎಲ್ಲಿದ್ದರೂ ನಷ್ಟವಿಲ್ಲ. ಮನೆಪತ್ರದ ವಿವರ, ಸಾಲದ ಲೆಕ್ಕ, ಹಿರಿಯರ ಔಷಧದ ಪಟ್ಟಿ ಇವುಗಳಿಗೆ ಆ್ಯಪ್‌ನ ಹೊರಗೂ ಒಂದು ನಕಲು ಇರಲೇಬೇಕು. ಶಾಸನಗಳು ಕಲ್ಲಿನ ಮೇಲೂ ತಾಮ್ರದ ಮೇಲೂ ಭದ್ರವಾಗಿದ್ದಾಗಲೇ ಅವುಗಳ ನಕಲನ್ನು ಕಡತದಲ್ಲಿ ಬರೆದಿಟ್ಟ ಶೃಂಗೇರಿಯ ಲೇಖಕರು ಮಾಡಿದ್ದೂ ಅದನ್ನೇ.