ಮ್ಯಾಪ್‌ನ ಮೂಲೆಯಲ್ಲಿ ಉಕ್ರೇನ್ ಬಾವುಟ ಏಕಿದೆ?

ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಪ್ರವಾಹದ್ದೋ ರೋಗದ್ದೋ ಮ್ಯಾಪ್ ತೆರೆಯುತ್ತದೆ. ಬೆರಳಿನಿಂದ ಎಳೆದರೆ ಸರಿಯುತ್ತದೆ, ಚುಕ್ಕೆ ಮುಟ್ಟಿದರೆ ವಿವರ ಬರುತ್ತದೆ. ಕೆಳಗೆ ಬಲ ಮೂಲೆಯಲ್ಲಿ ಪುಟ್ಟ ನೀಲಿ-ಹಳದಿ ಬಾವುಟ, ಪಕ್ಕದಲ್ಲಿ ‘ಲೀಫ್‌ಲೆಟ್’ ಎಂಬ ಹೆಸರು. ಹಾಗಾದರೆ ಇದು ಉಕ್ರೇನ್‌ನವರು ಮಾಡಿದ ಮ್ಯಾಪ್ ಇರಬಹುದೇ?

ಹಾಗೇನೂ ಅರ್ಥವಲ್ಲ. ಲೀಫ್‌ಲೆಟ್ ಮ್ಯಾಪ್ ಅಲ್ಲವೇ ಅಲ್ಲ. ವೆಬ್ ಪುಟದಲ್ಲಿ ಮ್ಯಾಪ್ ತೋರಿಸಲು ಬೇಕಾದ ಸಿದ್ಧ ಕೋಡ್. ಇಂಥದ್ದನ್ನು ಕೋಡ್ ಲೈಬ್ರರಿ ಎನ್ನುತ್ತಾರೆ. ಉಕ್ರೇನ್‌ನ ಎಂಜಿನಿಯರ್ ವೊಲೊದಿಮಿರ್ ಅಗಾಫೊಂಕಿನ್ 2011ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಲೂಬಹುದು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ನಂತರ ಬಂದ 1.8ನೇ ಆವೃತ್ತಿಯಲ್ಲಿ ಬಾವುಟ ಸೇರಿತು. ಬೇಡವೆಂದರೆ ಒಂದು ಸಾಲು ಕೋಡ್ ಬರೆದು ತೆಗೆಯಬಹುದು.

ರಸ್ತೆ, ಊರು, ಗಡಿ ಕಾಣುವ ಚಿತ್ರ ಬೇರೆ ಕಡೆಯಿಂದ ಬರುತ್ತದೆ. ಅನೇಕ ಪುಟಗಳು ಸ್ವಯಂಸೇವಕರು ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಬಳಸುತ್ತವೆ. ಚಿತ್ರ ಸಾಮಾನ್ಯವಾಗಿ 256 ಪಿಕ್ಸೆಲ್‌ನ ಚೌಕಗಳಾಗಿ ಬರುತ್ತದೆ. ಇಡೀ ಜಗತ್ತು ಮೊದಲು ಒಂದೇ ಚೌಕ. ಒಂದು ಹಂತ ಝೂಮ್ ಮಾಡಿದರೆ 4, ಮತ್ತೊಂದು ಹಂತಕ್ಕೆ 16. ಹತ್ತನೇ ಹಂತಕ್ಕೆ ಹತ್ತು ಲಕ್ಷ ದಾಟುತ್ತದೆ! ನಿಮ್ಮ ಪರದೆಗೆ ಬೇಕಾದಷ್ಟನ್ನು ಮಾತ್ರ ಲೀಫ್‌ಲೆಟ್ ತರಿಸಿ ಜೋಡಿಸುತ್ತದೆ. ನೆಟ್ ನಿಧಾನವಿದ್ದಾಗ ಬೂದು ಚೌಕಗಳು ಕಾಣುವುದು ಇದಕ್ಕೇ. ಅಂದಹಾಗೆ, ದೇಶದ ಗಡಿ ತಪ್ಪಾಗಿ ಕಂಡರೆ ಅದೂ ಚಿತ್ರ ಕೊಟ್ಟವರದ್ದು, ಲೈಬ್ರರಿಯದ್ದಲ್ಲ.

ನಾವು ಎಚ್ಚರಿಸಬೇಕಿರುವುದು ಚುಕ್ಕೆಗಳ ಬಗ್ಗೆ. ಮುಟ್ಟಿದರೆ ವಿವರ ಬರುವ ಮ್ಯಾಪ್ ಅಧಿಕೃತವೇ ಇರಬೇಕು ಎಂಬ ನಂಬಿಕೆ ಸುಳ್ಳು. ಪುಟ ಮಾಡಿದವರು 12.97, 77.59 ಎಂದು ಅಕ್ಷಾಂಶ, ರೇಖಾಂಶ ಬರೆದರೆ ಬೆಂಗಳೂರಿನ ಮೇಲೆ ಚುಕ್ಕೆ ಬೀಳುತ್ತದೆ. ಅದಕ್ಕೆ ‘ಇಲ್ಲಿ ಸೇತುವೆ ಕುಸಿದಿದೆ’ ಎಂದು ಸೇರಿಸಿದರೆ ಅದನ್ನೂ ತೋರಿಸುತ್ತದೆ. ನಿಜವೇ, ಇಂದಿನದೇ, ಹಳೆಯದೇ ಎಂದು ಲೈಬ್ರರಿ ಪರೀಕ್ಷಿಸುವುದಿಲ್ಲ. ‘ಲೈವ್’ ಎಂಬ ಪದವನ್ನೂ ಯಾರು ಬೇಕಾದರೂ ಟೈಪ್ ಮಾಡಬಹುದು.

ಆದ್ದರಿಂದ ಫಾರ್ವರ್ಡ್ ಮಾಡುವ ಮೊದಲು ಆ ಚುಕ್ಕೆಗಳ ಮಾಹಿತಿ ಯಾರದ್ದು, ಯಾವ ದಿನಾಂಕದ್ದು ಎಂದು ನೋಡಿ. ಪ್ರವಾಹದ ವಿಷಯವಾದರೆ ಜಿಲ್ಲಾಡಳಿತದ ಪ್ರಕಟಣೆಯೊಂದಿಗೆ ಹೋಲಿಸಿ. ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಹೆಸರು ಇರುವುದು ಅದರ ಲೈಸೆನ್ಸ್ ಕೇಳುವುದರಿಂದ. ಚುಕ್ಕೆ ಇಟ್ಟವರ ಹೆಸರು ಅಲ್ಲಿ ತಾನಾಗಿ ಬರುವುದಿಲ್ಲ; ಅದನ್ನು ಪುಟದಲ್ಲಿ ಬೇರೆಡೆ ಹುಡುಕಬೇಕು.